ಬಾಡಿದ ಹೂವಿಗೊಂದು ವಕಾಲತ್ತು

ಹೂವಿನ ವಿಷಯದಲ್ಲಿ ನಮ್ಮಂಥ ಎರಡು ನಾಲಿಗೆಯವರು ಇನ್ನೊಬ್ಬರಿಲ್ಲ. ಬೆಟ್ಟದ ಬುಡದಲ್ಲಿ ಬುಟ್ಟಿಯ ಮುಂದೆ ನಿಂತಾಗ "ಇದೇನಮ್ಮ, ಆಗಲೇ ಬಾಡಿದೆ, ಮೊಳಕ್ಕೆ ಐದು ರೂಪಾಯಿ ಬಿಡು" ಎಂದು ಮುಖ ಸಿಂಡರಿಸುತ್ತೇವೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಕತೆಯೇ ಬೇರೆ. ನಿನ್ನೆಯಿಂದ ಲಿಂಗದ ಮೇಲೆ ಕೂತು ಸುಸ್ತಾಗಿ, ಅಂಚು ಕಂದಿ, ಗಂಧ ಮೆತ್ತಿಕೊಂಡ ಹೂವೊಂದನ್ನು ಅರ್ಚಕರು ಕೈಗೆ ಹಾಕಿದರೆ ಸಾಕು, ಕಣ್ಣಿಗೊತ್ತಿಕೊಂಡು ಗಂಡಸರು ಕಿವಿಗೆ, ಹೆಂಗಸರು ಮುಡಿಗೆ ಸಿಕ್ಕಿಸಿಕೊಳ್ಳುತ್ತೇವೆ. ಅಲ್ಲಿ ಚೌಕಾಸಿ ಇಲ್ಲ, ಮೂಗು ಮುರಿಯುವುದಿಲ್ಲ.

ಈ ನಾಟಕವನ್ನು ಪುರಸೊತ್ತಾಗಿ ನೋಡಬೇಕೆಂದರೆ ಟಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಗೆ ಬನ್ನಿ. ಕೆಳಗೆ ಕಾವೇರಿ ಸೊಂಟ ತಿರುಗಿಸಿಕೊಂಡು ಹರಿಯುತ್ತಾಳೆ. ಮೇಲೆ ಸೋಮಗಿರಿಯಲ್ಲಿ ಮಲ್ಲಿಕಾರ್ಜುನ, ಜೊತೆಗೆ ಭ್ರಮರಾಂಬೆ. ಅರ್ಜುನ ಮಲ್ಲಿಗೆಯಿಂದ ಪೂಜಿಸಿದ ದೇವರು ಎಂದು ಕತೆ ಹೇಳುತ್ತಾರೆ. ಆ ಮಲ್ಲಿಗೆ ಎಷ್ಟು ಹೊತ್ತಿಗೆ ಕಿತ್ತದ್ದು ಎಂದು ದೇವರು ಅರ್ಜುನನನ್ನು ವಿಚಾರಿಸಿದ ದಾಖಲೆ ಇಲ್ಲ. ಮಾಘದ ಜಾತ್ರೆ ಬಂತೆಂದರೆ ಇಲ್ಲಿ ದನಗಳ ಪರಿಷೆ. ಹೂ ಮಾರಿದ ಊರಲ್ಲಿ ಹುಲ್ಲು ಮಾರುವ ಗತಿ ಬಂತಲ್ಲ ಎಂದು ಬೇರೆ ಊರಿನವರು ಕಣ್ಣೀರಿಡಲಿ. ಇಲ್ಲಿ ಎರಡಕ್ಕೂ ಗಿರಾಕಿ ಉಂಟು, ಎತ್ತು ಕಟ್ಟಿದವರ ಮುಂದೆ ಹುಲ್ಲಿನವನ ಗತ್ತೇ ಒಂದು ಕೈ ಮೇಲು. ಹುಲ್ಲು ಚೆನ್ನಾಗಿ ಒಣಗಿದೆ ಎಂದರೆ ಹೊಗಳಿಕೆ, ಹೂವು ಒಣಗಿದೆ ಎಂದರೆ ಬೈಗುಳ. ಇದ್ಯಾವ ನ್ಯಾಯ ಸ್ವಾಮಿ?

ಅಂಥದೊಂದು ಜಾತ್ರೆಯಲ್ಲಿ ನನ್ನ ಹೆಂಡತಿ ಬುಟ್ಟಿ ಕೆದಕಿ "ಸೊರಗಿದೆಯಲ್ಲವ್ವಾ" ಎಂದಳು. ಹೂವಿನಾಕೆ ಒದ್ದೆ ಬಟ್ಟೆ ಸರಿಮಾಡುತ್ತ, "ಬಿಸ್ಲಲ್ ಬಂದು ನಿಮ್ ಮೊಕಾನೂವೆ ಸೊರಗದೆ ಕನಕ್ಕಾ. ಅದ್ಕೇಂತ ಯಜಮಾನ್ರು ಬ್ಯಾಡ ಅಂದ್ರಾ?" ಎಂದಳು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಅಂಥ ಹೊತ್ತಿನಲ್ಲಿ ಬುದ್ಧಿವಂತ ಗಂಡಸು ಬಾಯಿ ತೆರೆಯುವುದಿಲ್ಲ, ಜೇಬು ತೆರೆಯುತ್ತಾನೆ. ಎರಡು ಮಾರು ಕೊಂಡೆ.

ಅಲ್ಲಿಂದ ಶುರುವಾಯಿತು ನನ್ನ ವಕಾಲತ್ತು. ಮೊದಲ ಸಾಕ್ಷಿ ಮಲ್ಲಿಗೆಯೇ. ನಾವು 'ತಾಜಾ' ಎಂದು ದುಡ್ಡು ಕೊಡುವುದು ಬಿಗಿದುಕೊಂಡ ಮೊಗ್ಗಿಗೆ. ಆಗ ಅದಕ್ಕೆ ನೆಟ್ಟಗೆ ಪರಿಮಳವೂ ಇರುವುದಿಲ್ಲ. ಸಂಜೆ ಕವಿದು, ನಾರಿನ ಮೇಲೆ ಸಡಿಲವಾಗಿ ಬಿರಿದು, ಇನ್ನೇನು ಮುಗಿಯಿತು ಎನ್ನುವ ದಾರಿ ಹಿಡಿದ ಮೇಲೆ ಅದು ಮನೆಯೆಲ್ಲ ಘಮ್ಮೆನ್ನುವುದು. ಬಕುಲ, ಸುರಗಿಗಳಂತೂ ಪೂರ್ತಿ ಒಣಗಿ ಕಂದುಬಣ್ಣಕ್ಕೆ ತಿರುಗಿದರೂ ಸೀರೆಯ ಪೆಟ್ಟಿಗೆಯೊಳಗೆ ಕೂತು ಘಮ ಬಿಡುತ್ತಲೇ ಇರುತ್ತವೆ. ಪಿಂಚಣಿಗೆ ಬಂದ ಮೇಲೂ ಆಫೀಸಿಗೆ ಬರುವ ಹಳೇ ಹೆಡ್ ಕ್ಲರ್ಕಿನ ಹಾಗೆ.

ಎರಡನೆಯ ಸಾಕ್ಷಿ ಸಾಕ್ಷಾತ್ ದೇವರು. ನಮ್ಮ ಕಡೆ ಮಗಳ ಮದುವೆ, ಬೋರ್‌ವೆಲ್ಲು, ಎಲೆಕ್ಷನ್ನು ಯಾವುದಕ್ಕೂ ಅಪ್ಪಣೆ ಕೇಳುವುದುಂಟು. "ಬಲಗಡೆ ಹೂ ಕೊಡು ತಾಯಿ" ಎಂದು ಕಣ್ಣು ಪಿಳುಕಿಸದೆ ನಿಲ್ಲುತ್ತೇವೆ. ಆಗಷ್ಟೇ ಏರಿಸಿದ ಹಸಿ ಹೂವು ನೀರಿಗೋ ಗಂಧಕ್ಕೋ ಅಂಟಿಕೊಂಡು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಒಣಗಿ ಹಗುರಾಗಿ ಹಿಡಿತ ಸಡಿಲಿಸಿದ್ದೇ ಜಾರುವುದು. ಅಂದರೆ ದೇವರ ಬಾಯಿಂದ "ಆಗಲಿ" ಎನಿಸುವ ಅಧಿಕಾರ ಇರುವುದು ಬಾಡುತ್ತಿರುವ ಹೂವಿಗೆ ಮಾತ್ರ. ಗಿಡದಲ್ಲೂ ಅದೇ ಕಾನೂನು: ಪರಾಗ ಸೇರಿ ಕೆಲಸ ಮುಗಿದ ಮೇಲೆ ಎಸಳು ಉದುರಬೇಕು, ಆಮೇಲೆ ಕಾಯಿ. ಉದುರಲಾರೆ ಎಂದು ಹಟ ಹಿಡಿದ ಹೂವಿಂದ ಯಾರ ಮನೆಯ ಸಾರಿಗೂ ಬದನೆಕಾಯಿ ಸಿಗುವುದಿಲ್ಲ.

ಶಿವನಂತೂ ಈ ವಿಷಯದಲ್ಲಿ ನಮ್ಮ ಪಕ್ಷ. ಬಿಲ್ವಪತ್ರೆ ಹಳತಾದರೂ ದೋಷವಿಲ್ಲ, ಹೊಸದು ಸಿಗದಿದ್ದರೆ ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದು ಎಂಬುದು ಶಾಸ್ತ್ರ. ಅವನ ಮೈಮೇಲಿಂದ ತೆಗೆದ ನಿರ್ಮಾಲ್ಯಕ್ಕೂ ಒಬ್ಬ ವಾರಸುದಾರನಿದ್ದಾನೆ, ಚಂಡಿಕೇಶ್ವರ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರಲ್ಲ, ಶ್ರೀಕಂಠೇಶ್ವರ, ಪಾರ್ವತಿ, ಗಣಪತಿ, ಸುಬ್ರಹ್ಮಣ್ಯರ ಸಾಲಿನಲ್ಲಿ ಐದನೆಯದು ಇವನದು. ಬಾಡಿದ ಹೂವಿನ ಖಾತೆ ನೋಡಿಕೊಳ್ಳುವವನಿಗೂ ಸ್ವಂತ ತೇರು! ತಾಜಾ ಹೂವಿನ ವ್ಯಾಪಾರ ಮಾಡಿ ಇಷ್ಟು ಮೇಲೆ ಬಂದವರನ್ನು ನಾನು ಕಂಡಿಲ್ಲ.

ಕೊನೆಯ ಸಾಕ್ಷಿ ಪಕ್ಕದ ತಲಕಾಡು. ಗಂಗರ ರಾಜಧಾನಿ, ಆಮೇಲೆ ಚೋಳರ ಕೈ. 1116ರ ಸುಮಾರಿಗೆ ವಿಷ್ಣುವರ್ಧನ ಗೆದ್ದು 'ತಲಕಾಡುಗೊಂಡ' ಎನಿಸಿಕೊಂಡು ಕೀರ್ತಿನಾರಾಯಣನ ಗುಡಿ ಎಬ್ಬಿಸಿದ. ಅಂಥ ಊರು ಮರಳು ಹೊದ್ದು ಮಲಗಿತು. ಈಗ ಪಂಚಲಿಂಗ ದರ್ಶನ ಬಂದರೆ ಸಾಕು, ಮುಡುಕುತೊರೆಯ ಮಲ್ಲಿಕಾರ್ಜುನನೂ ಸೇರಿ ಐದು ಲಿಂಗ ನೋಡಲು ಜನ ಬರುತ್ತಾರೆ. ತಲಕಾಡು ಇನ್ನೂ ರಾಜಧಾನಿಯಾಗಿಯೇ ಉಳಿದಿದ್ದರೆ? ಸಚಿವಾಲಯ, ಸಿಗ್ನಲ್ಲು, ಪಾರ್ಕಿಂಗ್ ಜಗಳ. ಮರಳ ಮೇಲೆ ನಿಂತು "ಆಹಾ" ಎನ್ನುವ ಭಾಗ್ಯ ಯಾರಿಗಿರುತ್ತಿತ್ತು?

ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನ ಸಂಕಲನ 'ಮೈಸೂರ ಮಲ್ಲಿಗೆ' ಇಂದಿಗೂ ಬಾಡಿಲ್ಲ ಎಂದು ಭಾಷಣಕಾರರು ವರ್ಷಾವರ್ಷ ಹೊಗಳುತ್ತಾರೆ. ನನಗೆ ಹಾಗೆನ್ನಲು ಭಯ. ಬಾಡದ ಹೂವು ಒಂದೇ, ಟಿ.ವಿ.ಯ ಮೇಲಿನ ಪ್ಲಾಸ್ಟಿಕ್ಕಿನದು. ಅದಕ್ಕೆ ಧೂಳು ಒರೆಸುವ ಕೆಲಸ ಬೇರೆ. ಕೆ.ಎಸ್.ನ. ಬರೆದದ್ದು ಸಂಸಾರದ ಹೂವು, ಮುಡಿದು ಬಾಡಿಸಿಕೊಂಡವರ ಮನೆಯದು. ಮಾರುವಾಗ ಹೂವು ಎಲ್ಲರದು, ಬೆಲೆ ಕೇಳಿದವರದು. ಒಬ್ಬರ ತಲೆಯ ಮೇಲೋ ದೇವರ ತಲೆಯ ಮೇಲೋ ಕೂತು ಬಾಡಿದ ಮೇಲಷ್ಟೇ ಅದು ಇಂಥವರದು ಎಂದಾಗುತ್ತದೆ.

ಇಷ್ಟನ್ನೂ ಬೆಟ್ಟ ಇಳಿಯುವಷ್ಟರಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಹೆಂಡತಿ ಸಮಾಧಾನವಾಗಿ ಕೇಳಿಸಿಕೊಂಡು, "ಎಲ್ಲಾ ಸರಿ ರೀ, ಬಾಡಿದ್ದೇ ಅಷ್ಟು ಚೆಂದ ಅನ್ನೋರು ತಿಂಗಳು ತಿಂಗಳು ತಲೆಗೆ ಕಪ್ಪು ಯಾಕೆ ಹಚ್ಕೋತೀರಾ?" ಎಂದಳು.

ವಕೀಲನಾದವನು ತನ್ನ ಕೇಸನ್ನು ತಾನೇ ನಡೆಸಬಾರದು ಎಂದು ಹೇಳಿ, ಮುಂದಿನ ತಾರೀಖು ಪಡೆದುಕೊಂಡೆ.