ನವಿಲು ಪಾಸಾದ ಪ್ರಸಂಗ

ಚೆನ್ನೈಯಲ್ಲಿ ಖಾಲಿ ಗೋಡೆ ಎಂಬುದು ಹೆಚ್ಚು ಕಾಲ ಬಾಳುವ ವಸ್ತುವಲ್ಲ. ಸುಣ್ಣ ಒಣಗುವ ಮೊದಲೇ ಯಾವುದೋ ಪಕ್ಷದವರು ಬಂದು ಮೂಲೆಯಲ್ಲಿ ತಮ್ಮ ಹೆಸರು ಬರೆದು ಗೋಡೆಯನ್ನು ರಿಸರ್ವ್ ಮಾಡಿ ಹೋಗುತ್ತಾರೆ. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕುವವರನ್ನಾದರೂ ಜಗಳಾಡಿ ಎಬ್ಬಿಸಬಹುದು, ಇವರನ್ನು ಎಬ್ಬಿಸಲಾಗದು. ಅವರು ಬರುವುದು ತಡವಾದರೆ ‘ಕಣ್ಣೀರ್ ಅಂಜಲಿ’ ಬರುತ್ತದೆ. ತೀರಿಕೊಂಡ ಹಿರಿಯರು ಪೋಸ್ಟರಿನಲ್ಲಿ ಕೈಮುಗಿದು ನಿಂತಿರುತ್ತಾರೆ. ಯಾರೂ ಬರದಿದ್ದರೆ ಪ್ರಕೃತಿಯ ಕರೆಗೆ ಓಗೊಡುವವರು ಬರುತ್ತಾರೆ. 2009ರಲ್ಲಿ ಕಾರ್ಪೊರೇಷನ್ನಿನವರು ಇದಕ್ಕೆಲ್ಲ ರೋಸಿ ಅಣ್ಣಾ ಸಾಲೈನಲ್ಲಿ ಪೋಸ್ಟರು ನಿಷೇಧಿಸಿ ಗೋಡೆಗಳಿಗೆ ಚಿತ್ರ ಬರೆಸಿದರು. ಫ್ಲೆಕ್ಸ್ ಬಂದು ಹೊಟ್ಟೆಪಾಡು ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರ ಕೈಗೆ ಮತ್ತೆ ಕುಂಚ ಬಂತು.

ನಾವು ಬಾಡಿಗೆಗಿರುವ ಅಪಾರ್ಟ್‌ಮೆಂಟು ತೊರೈಪಾಕ್ಕಂ ಕಡೆಗಿದೆ. ಅದಕ್ಕೆ ಬಿಲ್ಡರು ಇಟ್ಟ ಇಂಗ್ಲಿಷ್ ಹೆಸರು ಎಷ್ಟು ಉದ್ದವೆಂದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಆಟೋದವನು ಬೇರೆ ಸವಾರಿ ಹಿಡಿದಿರುತ್ತಾನೆ. ಅದರ ಬೀದಿಬದಿಯ ಕಾಂಪೌಂಡು ಗೋಡೆಗೆ ಮೇಲೆ ಹೇಳಿದ ಮೂರೂ ವಿಧದ ಬಾಧೆ ತಗುಲಿತ್ತು. ಬಣ್ಣ ಹೊಡೆಸಲು ಕೂಡಿಸಿದ ಹಣದಲ್ಲಿ ಒಂದಿಷ್ಟು ಉಳಿದಾಗ ಅಸೋಸಿಯೇಷನ್ ಸೆಕ್ರೆಟರಿ, ಗೋಡೆಗೆ ಚಿತ್ರ ಬರೆಸೋಣ, ಯಾವ ಚಿತ್ರವೆಂದು ನಿವಾಸಿಗಳೇ ನಿರ್ಧರಿಸಲಿ ಎಂದು ಸಾರಿದರು. ಪ್ರಜಾಪ್ರಭುತ್ವದಲ್ಲಿ ನಂಬಿಕೆಯಿಟ್ಟು ಅವರು ಹಾಗೆ ಮಾಡಿದರೋ, ಆಮೇಲೆ ಬೈಗುಳ ಎಲ್ಲರಿಗೂ ಹಂಚಿಹೋಗಲಿ ಎಂದೋ, ಇಂದಿಗೂ ತಿಳಿದಿಲ್ಲ.

ಭಾನುವಾರ ಸಂಜೆ ಸುಂಡಲ್, ಕಾಫಿ ಇಟ್ಟು ಸಭೆ ಕರೆದರು. ಲಿಫ್ಟು ಕೆಟ್ಟಾಗ ನಡೆದ ಸಭೆಗೆ ಕೋರಂ ಇರಲಿಲ್ಲ. ಕಲೆಯ ಸಭೆಗೆ ಕುರ್ಚಿ ಸಾಲಲಿಲ್ಲ. ಬಿ ಬ್ಲಾಕಿನ ಮಾಮಿ ಕುಳಿತುಕೊಳ್ಳುವ ಮೊದಲೇ ‘ಮುರುಗನ್’ ಎಂದರು. ಅವರ ಹಿಂದಿದ್ದವರು ಗಣಪತಿಯೇ ಮೊದಲು, ತಮ್ಮನದು ಆಮೇಲೆ ಎಂದರು. ಸಿ ಬ್ಲಾಕಿನವರು ವೇಲಾಂಗಣಿ ಮಾತೆಯನ್ನು ಸೂಚಿಸಿದರು. ಹಾಗಾದರೆ ಎಲ್ಲ ಧರ್ಮಗಳೂ ಬರಲಿ ಎಂದು ಒಬ್ಬರು ರಾಜಿ ಮಾಡಹೋದರೆ, ಯಾವುದು ಗೇಟಿನ ಹತ್ತಿರ, ಯಾವುದು ಟ್ರಾನ್ಸ್‌ಫಾರ್ಮರಿನ ಹತ್ತಿರ ಎಂದು ಹೊಸ ತಕರಾರು ಹುಟ್ಟಿತು. ಐಟಿ ಹುಡುಗರು ‘ಆಬ್‌ಸ್ಟ್ರಾಕ್ಟ್’ ಎಂದರು. ಲೆಕ್ಕಪರಿಶೋಧನೆಯಿಂದ ನಿವೃತ್ತರಾದ ಮಾಮಾ ಒಬ್ಬರು, ಅದು ಮುಗಿದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ, ಬಿಲ್ಲು ಪಾಸು ಮಾಡುವುದು ಯಾವ ಆಧಾರದ ಮೇಲೆ ಎಂದು ಕೇಳಿದರು. ಇದಕ್ಕಿಂತ ಗಟ್ಟಿಯಾದ ಕಲಾವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕನ್ನಡಿಗನಾಗಿ ಸುಮ್ಮನಿದ್ದರೆ ನಾಳೆ ಮನೆಯಲ್ಲೇ ಮರ್ಯಾದೆ ಉಳಿಯದು ಎಂದು ನಾನೂ ಎದ್ದು ಸರ್ವಜ್ಞನ ಹೆಸರು ಹೇಳಿದೆ. “ಅವರು ಆಗಲೇ ಅಯನಾವರಂನಲ್ಲಿ ಇದ್ದಾರಲ್ಲ, ಸಾರ್” ಎಂದರು ಮಾಮಾ. ನಿಜ. ಬೆಂಗಳೂರಿನ ಹಲಸೂರು ಕೆರೆಯ ಬಳಿ 1991ರಿಂದ ಮುಸುಕು ಹೊದ್ದೇ ಇದ್ದ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಬೆಳಕು ಕಂಡಿತು. ಅದೇ 13ರಂದು ಅಯನಾವರಂನ ಜೀವಾ ಪಾರ್ಕಿನಲ್ಲಿ ನಮ್ಮ ಸರ್ವಜ್ಞ ಪೀಠವೇರಿದ. ಯಡಿಯೂರಪ್ಪನವರೂ ಕರುಣಾನಿಧಿಯವರೂ ಎರಡೂ ಕಡೆ ನಿಂತು ನಡೆಸಿಕೊಟ್ಟ ಈ ಕಾರ್ಯ ಅಪ್ಪಟ ಸಾಟಿ ಮದುವೆ: ನಿಮ್ಮ ಮನೆಯ ಕವಿಯನ್ನು ನಮಗೆ ಕೊಡಿ, ನಮ್ಮ ಮನೆಯವನನ್ನು ನೀವು ಒಯ್ಯಿರಿ. ಸಾಟಿ ಮದುವೆಯಲ್ಲಿ ಅಕ್ಕಪಕ್ಕದವರನ್ನು ಕೇಳುವ ಪದ್ಧತಿ ಇಲ್ಲ. ಸಂಜೆ ಪಾರ್ಕಿಗೆ ಬರುವ ಅಯನಾವರಂನ ಹಿರಿಯರು ಅವನನ್ನು ಯಾರೋ ಸಾಧು ಎಂದುಕೊಂಡರೂ ಆಶ್ಚರ್ಯವಿಲ್ಲ. ಊರೂರು ಅಲೆದವನೆಂದು ಹೆಸರಾದ ಸರ್ವಜ್ಞನಿಗಂತೂ ಇದರಿಂದ ಬೇಸರವಾಗಿರಲಾರದು. ನನ್ನ ಸೂಚನೆಗೆ ಅನುಮೋದಕರು ಸಿಗಲಿಲ್ಲ. ಬಾಡಿಗೆದಾರರಿಗೆ ಮಾತು ಉಂಟು, ವೋಟು ಇಲ್ಲ ಎಂದು ಬೈಲಾ ತೆಗೆದು ಓದಿದ್ದೂ ಆಗಲೇ.

ಮನೆಗೆ ಬಂದು ಹೆಂಡತಿಯೊಡನೆ ಈ ರಾಮಾಯಣ ಹೇಳುತ್ತಿದ್ದಾಗ, ಕೆಲಸಕ್ಕೆ ಬರುವ ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, “ಇಷ್ಟೇನಾ? ನಮ್ಮ ಕಡೆ ಗೋಡೆಗೋಡೆಗೂ ಬರೆದಿದ್ದಾರೆ” ಎಂದರು. ಅವರದು ಕಣ್ಣಗಿ ನಗರ. ನಮ್ಮಿಂದ ಕೂಗಳತೆ.

ಕಣ್ಣಗಿ ನಗರದ ಕಥೆ ಬಲ್ಲವರಿಗೆ ಆ ಹೆಸರೇ ಒಂದು ವ್ಯಂಗ್ಯ. ನಗರದೊಳಗಿನ ಕೊಳೆಗೇರಿಗಳಿಂದ ಎಬ್ಬಿಸಿದವರಿಗಾಗಿ ಕೊಳೆಗೇರಿ ನಿರ್ಮೂಲನಾ ಮಂಡಳಿ 2000ದಲ್ಲಿ ಊರಾಚೆ ಈ ಬಡಾವಣೆ ಕಟ್ಟಿತು. ಪಕ್ಕದ ಎಳಿಲ್ ನಗರವನ್ನೂ ಸೇರಿಸಿದರೆ ಇಂದು 23 ಸಾವಿರಕ್ಕೂ ಹೆಚ್ಚು ಮನೆಗಳು. ರಾಜನೆದುರು ನಿಂತು ನ್ಯಾಯ ಕೇಳಿದವಳ ಹೆಸರಿನ ಊರಿಗೆ, ಯಾರನ್ನೂ ಏನೂ ಕೇಳದೆ ಜನರನ್ನು ತಂದಿಳಿಸಿದರು. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. 1968ರ ವಿಶ್ವ ತಮಿಳು ಸಮ್ಮೇಳನದ ಕಾಲಕ್ಕೆ ಮರೀನಾ ಕಡಲತೀರದಲ್ಲಿ ನಿಲ್ಲಿಸಿದ್ದ ಕಣ್ಣಗಿಯ ಪ್ರತಿಮೆಯನ್ನೇ 2001ರ ಡಿಸೆಂಬರಿನಲ್ಲಿ ಎತ್ತಂಗಡಿ ಮಾಡಿದರು. ಲಾರಿ ಗುದ್ದಿ ಪೀಠ ಹಾಳಾಯಿತೆಂಬುದು ಸರಕಾರಿ ಕಾರಣ, ವಾಸ್ತು ಎಂಬುದು ಊರಮಾತು. ಸರಕಾರ ಬದಲಾಗಿ 2006ರಲ್ಲಿ ಕಣ್ಣಗಿ ತನ್ನ ಹಳೆಯ ಜಾಗಕ್ಕೆ ಮರಳಿದಳು. ಕಣ್ಣಗಿ ನಗರದವರಿಗೆ ಆ ಭಾಗ್ಯವಿಲ್ಲ.

2020ರಲ್ಲಿ ಸ್ಟಾರ್ಟ್ ಇಂಡಿಯಾ ಫೌಂಡೇಶನ್ನಿನವರು ಕಾರ್ಪೊರೇಷನ್ನಿನ ಜೊತೆಗೂಡಿ ಅಲ್ಲಿನ ಗೋಡೆಗಳಿಗೆ ಚಿತ್ರ ಬರೆಸತೊಡಗಿದರು. ದೆಹಲಿಯ ಲೋಧಿ ಕಾಲನಿಯಲ್ಲಿ ಸರಕಾರಿ ನೌಕರರ ವಸತಿಯ ಗೋಡೆಗಳನ್ನು ನೋಡುವಂತೆ ಮಾಡಿದವರು ಇವರೇ. ಕಲಾವಿದರು ಜನರೊಡನೆ ಬೆರೆತರು, ಮಾತಾಡಿಸಿದರು. ಚೆನ್ನೈನ ಎ-ಕಿಲ್ ಎಂಬ ಕಲಾವಿದರು ಮಕ್ಕಳ ನಗುಮುಖಗಳನ್ನು ಕಟ್ಟಡದೆತ್ತರ ಬರೆದರು. ಮೊದಲಿಗೆ ಕಟ್ಟಿದ ಮನೆಗಳು ಇನ್ನೂರು ಚದರಡಿಯೂ ಇಲ್ಲ. ಗೋಡೆಯ ಮೇಲೆ ಒಂದು ಮುಖಕ್ಕೆ ಸಿಕ್ಕ ಜಾಗ ಒಳಗೆ ಒಂದು ಸಂಸಾರಕ್ಕೆ ಸಿಕ್ಕಿಲ್ಲ.

“ಚೆನ್ನಾಗಿದೆಯಾ ಅಕ್ಕ?” ಎಂದಳು ಹೆಂಡತಿ.

“ಚೆನ್ನಾಗಿಲ್ಲದೆ ಏನಮ್ಮ? ಮೊದಲು ಕಣ್ಣಗಿ ನಗರ ಅಂದರೆ ಆಟೋದವರು ಬರುತ್ತಿರಲಿಲ್ಲ. ಈಗ ಬರುತ್ತಾರೆ, ಫೋಟೋ ತೆಗೆಯುವವರನ್ನು ಕೂರಿಸಿಕೊಂಡು. ನಾವು ಕರೆದರೆ ಈಗಲೂ ಯೋಚನೆ ಮಾಡುತ್ತಾರೆ.”

ಆ ವಿಳಾಸ ಹೇಳಿದರೆ ಕೆಲಸ ಸಿಗುವುದಿಲ್ಲ ಎಂಬುದು ಅಲ್ಲಿನವರ ಹಳೆಯ ನೋವು. ಬಣ್ಣದ ಹಿಂದಿದ್ದ ಆಸೆ ಆ ಹೆಸರನ್ನು ತೊಳೆಯುವುದು. ಬಣ್ಣ ತನ್ನ ಕೈಲಾದದ್ದು ಮಾಡಿತು. ಮಿಕ್ಕದ್ದನ್ನು ಕಬಡ್ಡಿ ಮಾಡುತ್ತಿದೆ: 2025ರಲ್ಲಿ ಬಹ್ರೇನಿನ ಏಷ್ಯನ್ ಯೂತ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಹುಡುಗಿಯರ ತಂಡದ ಉಪನಾಯಕಿ ಕಾರ್ತಿಕಾ, ಕಣ್ಣಗಿ ನಗರದವಳು.

ಮುಂದಿನ ಸಭೆಗೆ ನಾನು ಎರಡು ಕಥೆಗಳೊಡನೆ ತಯಾರಾಗಿ ಹೋದೆ. ಜನರಿಗೆ ಎಂಥ ಚಿತ್ರ ಬೇಕೆಂದು ತಿಳಿಯಲು ಕೋಮರ್ ಮತ್ತು ಮೆಲಮಿಡ್ ಎಂಬ ರಷ್ಯಾ ಮೂಲದ ಕಲಾವಿದರು 1993ರಲ್ಲಿ ಅಮೆರಿಕದಲ್ಲಿ ಸಾವಿರ ಜನರ ಸಮೀಕ್ಷೆ ಮಾಡಿಸಿ, ಬಹುಮತ ಬಂದದ್ದನ್ನೆಲ್ಲ ಒಂದೇ ಕ್ಯಾನ್ವಾಸಿನಲ್ಲಿ ಬರೆದರು. ನೀಲಿ ಕೆರೆ, ಜಿಂಕೆ, ವಿಹಾರಕ್ಕೆ ಬಂದವರು, ನಡುವೆ ಜಾರ್ಜ್ ವಾಷಿಂಗ್ಟನ್. ಎಲ್ಲರೂ ಕೇಳಿದ್ದು ಎಲ್ಲವೂ ಇತ್ತು. ಮನೆಗೆ ಒಯ್ಯೋಣ ಎನ್ನಿಸುವಂಥದ್ದು ಮಾತ್ರ ಇರಲಿಲ್ಲ. ಇನ್ನೊಂದು ನ್ಯೂಯಾರ್ಕಿನದು. ಕಚೇರಿಗಳ ಮುಂದಿನ ಚೌಕದಲ್ಲಿ ರಿಚರ್ಡ್ ಸೆರಾ 1981ರಲ್ಲಿ ನಿಲ್ಲಿಸಿದ 120 ಅಡಿಯ ಉಕ್ಕಿನ ಗೋಡೆ ದಾರಿಗೆ ಅಡ್ಡ ಎಂದು ಗಲಾಟೆಯಾಗಿ 1985ರಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಇರಲಿ ಎಂದವರು 122, ಬೇಡ ಎಂದವರು 58. 1989ರಲ್ಲಿ ತೆಗೆದುಹಾಕಿದರು. ಈ ಎರಡನೆಯ ಕಥೆ ಕೇಳಿ ನಮ್ಮ ಸೆಕ್ರೆಟರಿಯ ಮುಖ ಅರಳಿತು. ಸಭೆಗೂ ತೀರ್ಮಾನಕ್ಕೂ ಸಂಬಂಧ ಇರಲೇಬೇಕಾಗಿಲ್ಲ ಎಂಬುದಕ್ಕೆ ಅವರಿಗೆ ಅಂತರರಾಷ್ಟ್ರೀಯ ಮಟ್ಟದ ಆಧಾರ ಸಿಕ್ಕಿತ್ತು.

ಆದರೂ ಗಂಟು ಬಿಡಲಿಲ್ಲ. ದೇವರು ಬೇಕೆನ್ನುವವರೇ ಹೆಚ್ಚು, ಯಾವ ದೇವರು ಎಂಬಲ್ಲಿ ಯಾರಿಗೂ ಬಹುಮತವಿಲ್ಲ. ಆಗ ಹಿಂದಿನ ಸಾಲಿನಲ್ಲಿ ನಿಂತಿದ್ದ ವಾಚ್‌ಮನ್ ಹಿಂಜರಿಯುತ್ತ ಒಂದು ಮಾತು ಹೇಳಿದ: “ಸಾರ್, ನೀವೆಲ್ಲ ಕಾರಿನಲ್ಲಿ ಹೋಗುತ್ತೀರಿ. ಆ ಗೋಡೆ ನೋಡುವವರು ಎದುರಿನ ಟೀ ಅಂಗಡಿಯ ಅಣ್ಣಾಚಿ.”

ಸಭೆ ಸ್ತಬ್ಧವಾಯಿತು. ಚಿತ್ರ ಬರುವುದು ಗೋಡೆಯ ಹೊರಮೈಗೆ. ನಾವು ಒಳಗಿರುವವರು! ನಮ್ಮ ಬಾಲ್ಕನಿಯಿಂದ ಕಾಣುವುದು ಅದರ ಬೆನ್ನು ಮಾತ್ರ. ನಿವಾಸಿಗಳ ಅಭಿಪ್ರಾಯವನ್ನು ಅರೆದು ಕುಡಿದಿದ್ದೆವು, ಚಿತ್ರದೆದುರು ದಿನವಿಡೀ ನಿಲ್ಲುವ ಮನುಷ್ಯ ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ವೋಟಿಲ್ಲದವನು ವೋಟಿಲ್ಲದವನನ್ನು ಕೇಳಿ ಬರಲಿ ಎಂದು ನನ್ನನ್ನೇ ಕಳಿಸಿದರು. ಅಣ್ಣಾಚಿ ಟೀ ಎತ್ತಿ ಹೊಯ್ಯುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡರು. “ಏನು ಬೇಕಾದರೂ ಬರೆಸಿ ಸಾರ್. ಸಾಮಿ ಮಾತ್ರ ಬೇಡ. ಸಾಮಿ ಎದುರಿಗೆ ಯಾರೂ ಸಿಗರೇಟು ಹಚ್ಚುವುದಿಲ್ಲ. ನನಗೆ ಟೀಯಲ್ಲಿ ಏನು ಉಳಿಯುತ್ತದೆ?” ಆಮೇಲೆ ದನಿ ತಗ್ಗಿಸಿ, “ಖಾಲಿಯೂ ಬಿಡಬೇಡಿ. ಆ ವಾಸನೆಗೆ ಬೆಂಚಿನ ಮೇಲೆ ಕೂರುವವರಿಲ್ಲ” ಎಂದರು.

ಯಾವ ಸಮೀಕ್ಷೆಯೂ ಹೊರತೆಗೆಯಲಾರದ ವಿಷಯ ಇದು. ಗೋಡೆಯ ಮುಂದೆ ನಿಂತು ಹೊಟ್ಟೆ ಹೊರೆಯುವವನಿಗಷ್ಟೇ ಗೊತ್ತಿರುವಂಥದ್ದು. ಸಭೆಗೆ ವರದಿ ಒಪ್ಪಿಸಿದೆ. ದೇವರುಗಳೆಲ್ಲ ಒಟ್ಟಿಗೆ ಬಿದ್ದುಹೋದದ್ದರಿಂದ ಯಾರಿಗೂ ಸೋಲಾಗಲಿಲ್ಲ. ಇಂಥ ಸರ್ವಧರ್ಮ ಸಮಾನತೆಯನ್ನು ಸಿಗರೇಟು ಸಾಧಿಸಿದ್ದು ಇದೇ ಮೊದಲಿರಬೇಕು. ಮಾಮಿ ಕ್ಷಣಕಾಲ ಯೋಚಿಸಿ, “ಹಾಗಾದರೆ ನವಿಲು” ಎಂದರು. ಮುರುಗನ ವಾಹನವೆಂದು ಮುರುಗನ ಪಕ್ಷದವರು ಒಪ್ಪಿದರು. ರಾಷ್ಟ್ರಪಕ್ಷಿಯೆಂದು ಮಾಮಾ ಒಪ್ಪಿದರು, ಗರಿ ಎಣಿಸಬಹುದಾದ್ದರಿಂದ ಬಿಲ್ಲಿಗೂ ಆಧಾರವಿತ್ತು. ಗರಿ ಹೇಗೂ ಆಬ್‌ಸ್ಟ್ರಾಕ್ಟೇ ಅಲ್ಲವೇ ಎಂದು ಐಟಿ ಹುಡುಗರು ಸಮಾಧಾನಪಟ್ಟುಕೊಂಡರು. ಬಂಗಾಳಿ ದಂಪತಿಗಳು ಕಾಲ ಬಳಿ ಒಂದು ಮೀನು ಕೇಳಿ ಪಡೆದರು.

ನವಿಲು ಬಂತು. ಅದರ ಕುತ್ತಿಗೆ ಒಂಟೆಯನ್ನು ನೆನಪಿಸುತ್ತದೆ, ಮೀನು ನವಿಲಿಗಿಂತ ದೊಡ್ಡದು. ಆದರೆ ಪೋಸ್ಟರು ಹಚ್ಚಲು ಬಂದ ಹುಡುಗರನ್ನು ಅಣ್ಣಾಚಿ ಬಿಸಿನೀರು ತೋರಿಸಿ ಓಡಿಸುತ್ತಾರೆ. ಟ್ಯಾಂಕರ್ ಲಾರಿ ಬಾಲಕ್ಕೆ ತಗುಲಿದ ದಿನ ಮಾಮಿ ಗೇಟಿಗಿಳಿದು ಡ್ರೈವರಿಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಕಣ್ಣಗಿ ನಗರದ ಚಿತ್ರಗಳ ಮುಂದೆ ನಮ್ಮದು ಏನೂ ಅಲ್ಲ. ಆದರೆ ಇದಕ್ಕಾಗಿ ನಾವು ಜಗಳಾಡಿದ್ದೇವೆ, ಜಗಳಾಡಿ ಪಡೆದದ್ದನ್ನು ಬಿಟ್ಟುಕೊಡುವುದು ಕಷ್ಟ.

ಈಗ ಹೊಸ ಸಮಸ್ಯೆ. ಡೆಲಿವರಿ ಹುಡುಗರು, ಆಟೋದವರು, ಪೋಸ್ಟ್‌ಮನ್, ಎಲ್ಲರಿಗೂ ನಮ್ಮದು ‘ಮಯಿಲ್ ಅಪಾರ್ಟ್‌ಮೆಂಟ್’, ಅಂದರೆ ನವಿಲಿನದು. ಬಿಲ್ಡರಿನ ಇಂಗ್ಲಿಷ್ ಹೆಸರಿಗೂ ಸೇರಿಸಿ ಚದರಡಿಗೆ ಹಣ ಕೊಟ್ಟಿದ್ದೇವೆ, ಇದರಿಂದ ರೀಸೇಲ್ ಬೆಲೆ ಕುಸಿಯುತ್ತದೆ ಎಂದು ಮಾಲೀಕರು ಕೆರಳಿದ್ದಾರೆ. ಹೆಸರಿನ ಬಗ್ಗೆ ನಿರ್ಧರಿಸಲು ಬರುವ ಭಾನುವಾರ ಸಭೆ. ಈ ಸಲ ಅಣ್ಣಾಚಿಗೂ ನೋಟೀಸು ಕೊಟ್ಟಿದ್ದಾರೆ. ನನಗೆ ಮಾತ್ರ ಈಗಲೂ ವೋಟಿಲ್ಲ.