ತಲೆಗೆ ಬಾದಾಮಿ, ಕಾಲಿಗೆ ರಜೆ

ನಮ್ಮ ಮನೆಗಳಲ್ಲಿ ಅರವತ್ತು ದಾಟಿದ ಕೂಡಲೇ ತಲೆಯೂ ಮೈಯೂ ಪಾಲಾಗಿಬಿಡುತ್ತವೆ. ಮೈಯ ಪಾಲಿಗೆ ಬಿಪಿ, ಶುಗರ್, ಮಂಡಿನೋವು, ಮಂದ ಕಿವಿ, ಪೊರೆ ಬಂದ ಕಣ್ಣು. ತಲೆಯ ಪಾಲಿಗೆ ನೆನೆಸಿದ ಬಾದಾಮಿ, ಬ್ರಾಹ್ಮಿ ಕ್ಯಾಪ್ಸೂಲ್, ಪೇಪರಿನ ಸುಡೊಕು, ಮೊಬೈಲಿನ ಮೆಮೊರಿ ಗೇಮು. ವಿಭಾಗಪತ್ರ ರಿಜಿಸ್ಟ್ರಿ ಆದಮೇಲೆ ಒಬ್ಬರ ಸ್ವತ್ತಿನ ಮಾತಿಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಬಿಪಿ ನೂರರವತ್ತಕ್ಕೆ ಏರಿದ್ದರೆ ಅದು ಕೆಳಗಿನ ಮನೆಯವರ ತಲೆನೋವು. ಮೇಲಿನ ಮಹಡಿಯವರು ಹಾಯಾಗಿ ಪದಬಂಧ ತುಂಬುತ್ತಿರುತ್ತಾರೆ. ಈ ವಿಭಾಗಪತ್ರಕ್ಕೆ ಸಹಿ ಹಾಕದೆ ಉಳಿದಿರುವುದು ರಕ್ತನಾಳ ಒಂದೇ. ಅದು ಓದುಬರಹ ಬಾರದ್ದು, ಪತ್ರದಲ್ಲಿ ಏನಿದೆ ಎಂದು ಗೊತ್ತಿಲ್ಲ. ಕೆಳಗಿನ ರಕ್ತವನ್ನೇ ಮೇಲಕ್ಕೂ ಸಾಗಿಸುತ್ತ ಕೂತಿದೆ.

ಮಿದುಳಿನ ತೂಕ ಮೈತೂಕದ ಶೇ. 2ರಷ್ಟು. ಆದರೆ ಮೈಗೆ ಬೇಕಾದ ಒಟ್ಟು ಶಕ್ತಿಯಲ್ಲಿ ಶೇ. 20ರಷ್ಟನ್ನು ಅದೊಂದೇ ತಿನ್ನುತ್ತದೆ. ಅಷ್ಟೂ ಊಟ ಹೋಗುವುದು ಕೂದಲೆಳೆಗಿಂತ ಸಣ್ಣ ನಾಳಗಳ ಮೂಲಕ. ವರ್ಷಗಟ್ಟಲೆ ಏರಿ ನಿಂತ ಒತ್ತಡ ಆ ನಾಳಗಳ ಗೋಡೆಯನ್ನು ದಪ್ಪ ಮಾಡಿ, ಗಡುಸು ಮಾಡಿ, ಮಿದುಳಿನ ಒಳಗಿರುವ ಬಿಳಿ ನರತಂತುಗಳನ್ನು ಉಪವಾಸ ಕೆಡವುತ್ತದೆ. ಲಕ್ವ ಹೊಡೆದರೆ ಬೀದಿಯವರೆಲ್ಲ ಹಾರ್ಲಿಕ್ಸ್ ಹಿಡಿದು ನೋಡಲು ಬರುತ್ತಾರೆ. ಈ ಸಣ್ಣ ನಾಳಗಳು ಒಂದೊಂದಾಗಿ ಮುಚ್ಚಿಕೊಂಡರೆ ಯಾರೂ ಬರುವುದಿಲ್ಲ. “ಅಪ್ಪ ಯಾಕೋ ಈಚೆಗೆ ಸ್ವಲ್ಪ ನಿಧಾನ” ಎಂದು ಮನೆಯವರು ಹೇಳಿ ಟಿವಿ ಕಡೆ ತಿರುಗುತ್ತಾರೆ.

ಇದಕ್ಕೆ ಮನೆಯಲ್ಲೇ ಒಂದು ರೋಗನಿರ್ಣಯ ತಯಾರಿದೆ: ಅರವತ್ತಕ್ಕೆ ಅರಳುಮರುಳು. ಫೀಸಿಲ್ಲ, ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೋಕನ್ ಹಿಡಿದು ಕಾಯಬೇಕಾಗಿಲ್ಲ. ಗ್ಯಾಸ್ ಆರಿಸಲು ಮರೆತರೆ ಅಮ್ಮನಿಗೆ ಅರಳುಮರುಳು. ಅದೇ ಅಮ್ಮನ ಮಗ ಬೆಳಬೆಳಗ್ಗೆ ಕಾರಿನ ಕೀಗಾಗಿ ಮನೆಯನ್ನೆಲ್ಲ ತಲೆಕೆಳಗು ಮಾಡಿದರೆ ಅದು ಆಫೀಸಿನ ಟೆನ್ಷನ್. ವಿಧಾನಸೌಧದಲ್ಲಿ ಎಪ್ಪತ್ತು ದಾಟಿದವರು ಚುನಾವಣೆಯಲ್ಲಿ ಕೊಟ್ಟ ಮಾತು ಮರೆತರೆ ಅದಕ್ಕೆ ಅನುಭವಿ ರಾಜಕಾರಣ ಎಂದು ಹೆಸರು. ಗಾದೆಗೆ ಸಿಕ್ಕಿಬೀಳುವವರು ಎದುರು ಮಾತಾಡದ ಮುದುಕ ಮುದುಕಿಯರು ಮಾತ್ರ.

‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಆಯೋಗವೊಂದು 2024ರಲ್ಲಿ ಬೇರೆಯೇ ಲೆಕ್ಕ ಕೊಟ್ಟಿತು. ಜಗತ್ತಿನ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಪ್ರಕರಣಗಳಲ್ಲಿ ಸುಮಾರು ಶೇ. 45ರ ಹಿಂದೆ ನಾವು ತಿದ್ದಬಹುದಾದ 14 ಕಾರಣಗಳಿವೆ, ಅವನ್ನು ಸರಿಪಡಿಸಿದರೆ ಕಾಯಿಲೆಯನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅದರ ಅಂದಾಜು. ಶಾಲೆ ಕಲಿಯದಿರುವುದು, ಖಿನ್ನತೆ, ಒಂಟಿತನ, ಕೆಟ್ಟ ಗಾಳಿ ಅದರಲ್ಲಿವೆ ನಿಜ. ಉಳಿದವುಗಳಲ್ಲಿ ಹೆಚ್ಚಿನವು ಶುದ್ಧ ಮೈಯ ಬಾಬತ್ತು: ಏರಿದ ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಸಿಗರೇಟು, ಹೆಂಡ, ಕೂತಲ್ಲೇ ಕೂರುವುದು, ತಲೆಗೆ ಬಿದ್ದ ಪೆಟ್ಟು, ಕೇಳದ ಕಿವಿ, ಕಾಣದ ಕಣ್ಣು. ಬಾದಾಮಿ ತಿನ್ನದಿರುವುದು ಈ ಪಟ್ಟಿಯಲ್ಲಿಲ್ಲ. ಸುಡೊಕು ಬಿಡಿಸದಿರುವುದೂ ಇಲ್ಲ. ತಜ್ಞರು ನಮ್ಮ ಮನೆಗಳಿಗೆ ಬಂದು ನೋಡಿದ್ದರೆ ‘ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕಂತೆ’ ಎಂಬ ಹದಿನೈದನೆಯದನ್ನು ಸೇರಿಸುತ್ತಿದ್ದರು.

ಬಿಪಿ ಮಾತ್ರೆಯ ಮೇಲಿನ ಈ ಆಕ್ಷೇಪ ಎಷ್ಟು ಗಟ್ಟಿ ನೋಡಿ. ಜೀವನಪೂರ್ತಿ ಕಾಫಿ ಕುಡಿದವರು, ಜೀವನಪೂರ್ತಿ ಅದೇ ಪೇಪರು ಓದಿದವರು, ಜೀವನಪೂರ್ತಿ ಅದೇ ಪಕ್ಷಕ್ಕೆ ಓಟು ಹಾಕಿದವರು ಬೆಳಗ್ಗೆ ಒಂದು ಗುಳಿಗೆ ನುಂಗುವ ಮಾತು ಬಂದಾಗ ಸ್ವಾತಂತ್ರ್ಯ ಹೋರಾಟಗಾರರಾಗುತ್ತಾರೆ. “ನನಗೇನೂ ಆಗ್ತಿಲ್ಲವಲ್ಲ” ಎನ್ನುವುದು ಎರಡನೆಯ ವಾದ. ಏನೂ ಆಗದಿರುವುದೇ ಬಿಪಿಯ ಸ್ವಭಾವ. ಅಮೆರಿಕದಲ್ಲಿ 9,300ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ಒಂದು ಗುಂಪಿನ ಮೇಲಿನ ಬಿಪಿಯನ್ನು 140ರ ಒಳಗೆ, ಇನ್ನೊಂದರದನ್ನು 120ರ ಒಳಗೆ ಇರಿಸಲು ಹೊರಟರು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡನೆಯ ಗುಂಪಿನಲ್ಲಿ ಡಿಮೆನ್ಷಿಯಾಗೆ ಹಿಂದಿನ ಮೆಟ್ಟಿಲಾದ ಸೌಮ್ಯ ಮರೆವು ಸುಮಾರು ಐದನೇ ಒಂದು ಪಾಲು ಕಡಿಮೆ ಕಂಡಿತು. (ಹಾಗೆಂದು ಇದನ್ನು ಓದಿ ನೀವೇ ಡೋಸ್ ಏರಿಸಿಕೊಳ್ಳಬೇಡಿ. ವಯಸ್ಸಾದವರಲ್ಲಿ ಬಿಪಿ ಸಿಕ್ಕಾಪಟ್ಟೆ ಇಳಿದರೆ ತಲೆಸುತ್ತಿ ಬಚ್ಚಲಲ್ಲಿ ಬೀಳುತ್ತಾರೆ, ಆಮೇಲೆ ತಲೆಯ ಪೆಟ್ಟು ಎಂಬ ಇನ್ನೊಂದು ಬಾಬತ್ತು ತೆರೆಯುತ್ತದೆ.)

ಈಗ ಬ್ರಾಹ್ಮಿಗೆ ಬರೋಣ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಬ್ರಾಹ್ಮಿ ಎಂದೂ ಕರೆಯುವ ಒಂದೆಲಗದ ತಂಬುಳಿ ಮಾಡುತ್ತಾರೆ. ಜ್ಞಾಪಕಶಕ್ತಿಗೆ ಒಳ್ಳೆಯದು ಎಂದು ಮಕ್ಕಳಿಗೆ ಬಡಿಸುತ್ತಾರೆ. ತಂಬುಳಿಯ ರುಚಿಯ ಬಗ್ಗೆ ನನ್ನದೇನೂ ತಕರಾರಿಲ್ಲ, ಇನ್ನೊಂದು ಸೌಟು ಹಾಕಿ. ಆದರೆ ಅದನ್ನು ತಿನ್ನುತ್ತಿದ್ದ ಅಜ್ಜಿ ತೋಟಕ್ಕೆ ಇಳಿಯಬೇಕಿತ್ತು, ಒದ್ದೆ ನೆಲದಲ್ಲಿ ಬಗ್ಗಿ ಎಲೆ ಕೀಳಬೇಕಿತ್ತು, ದಿಣ್ಣೆ ಹತ್ತಿ ವಾಪಸು ಬರಬೇಕಿತ್ತು, ಕಲ್ಲಲ್ಲಿ ಅರೆಯಬೇಕಿತ್ತು. ಕಂಪನಿಯವರು ಬಹಳ ಚುರುಕು. ಇಳಿಯುವುದು, ಬಗ್ಗುವುದು, ಹತ್ತುವುದು, ಅರೆಯುವುದು ಎಲ್ಲವನ್ನೂ ತೆಗೆದುಹಾಕಿ ಎಲೆಯನ್ನು ಮಾತ್ರ ಕ್ಯಾಪ್ಸೂಲಿಗೆ ತುಂಬಿ ಮಾರುತ್ತಾರೆ. ಕೊಳ್ಳುವವರೂ ಅದಕ್ಕೇ ದುಡ್ಡು ಕೊಡುವುದು.

ಹೊರದೇಶದ ಎಲೆಯದೂ ಇದೇ ಕಥೆ. ನೆನಪಿಗೆಂದು ಜಗತ್ತಿನಾದ್ಯಂತ ಮಾರಾಟವಾಗುವ ಗಿಂಕ್ಗೊ ಎಲೆಯ ಸಾರವನ್ನು 75 ದಾಟಿದ 3,069 ಮಂದಿಯ ಮೇಲೆ ಅಮೆರಿಕದಲ್ಲಿ ಸುಮಾರು ಆರು ವರ್ಷ ಪರೀಕ್ಷಿಸಿದರು. ಅರ್ಧ ಜನಕ್ಕೆ ಗಿಂಕ್ಗೊ, ಇನ್ನರ್ಧಕ್ಕೆ ಸುಳ್ಳು ಗುಳಿಗೆ. 2008ರಲ್ಲಿ ಲೆಕ್ಕ ಹಾಕಿದಾಗ ಡಿಮೆನ್ಷಿಯಾ ತಡೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸ ಸಿಗಲಿಲ್ಲ. ಮಿದುಳಿನ ಆಟಗಳ ‘ಲುಮೋಸಿಟಿ’ ಆ್ಯಪಿನವರು ವಯಸ್ಸಿನ ಮರೆವನ್ನು ತಡೆಯುತ್ತೇವೆ ಎಂದೆಲ್ಲ ಜಾಹೀರಾತು ಕೊಟ್ಟು, ಆಧಾರ ತೋರಿಸಲಾಗದೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆತ್ತರು. ಸುಡೊಕು ಬಿಡಿಸುತ್ತ ಹೋದರೆ ಸುಡೊಕು ಚೆನ್ನಾಗಿ ಬರುತ್ತದೆ. ಆ ಎಂಬತ್ತೊಂದು ಮನೆಗಳಲ್ಲಿ ಅಂಕಿ ತುಂಬುವಾಗ ಕಾಲು ಸೋಫಾ ಬಿಟ್ಟು ಇಳಿದಿರುವುದಿಲ್ಲ.

ಸೋಫಾ ಬಿಟ್ಟು ಇಳಿಯಲು ನಾವು ಬಿಟ್ಟರೆ ತಾನೇ? ಕಂಪನಿಗಳನ್ನು ಬೈಯುವುದು ಸುಲಭ. ಅವಕ್ಕಿಂತ ದೊಡ್ಡ ಹಾನಿ ಮಾಡುತ್ತಿರುವುದು ನಮ್ಮ ಅಕ್ಕರೆ. “ನೀವು ಕೂತ್ಕೊಳ್ಳಿ ಮಾವ, ಕಾಫಿ ಅಲ್ಲಿಗೇ ತರ್ತೀನಿ.” “ಅಮ್ಮ, ಬಗ್ಗಬೇಡ, ಕೆಲಸದವಳು ಗುಡಿಸ್ತಾಳೆ.” “ಅಪ್ಪ, ಮಾರ್ಕೆಟ್‌ಗೆ ಯಾಕೆ ಹೋಗ್ತೀಯ, ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪೂ ಮನೆ ಬಾಗಿಲಿಗೆ ಬರುತ್ತೆ.” ಇಷ್ಟಕ್ಕೂ ಅಪ್ಪ ಮಾರ್ಕೆಟ್ಟಿಗೆ ಹೋದರೆ ಏನೆಲ್ಲ ನಡೆಯುತ್ತಿತ್ತು? ಎರಡು ರಸ್ತೆ ದಾಟುತ್ತಿದ್ದರು. ಅವರೆಕಾಯಿಯ ಸೊಗಡು ಮೂಸಿ ನೋಡುತ್ತಿದ್ದರು. ಕಾಲು ಕೆಜಿ ಬೀನ್ಸಿಗೆ ಐದು ರೂಪಾಯಿ ಇಳಿಸಲು ಹತ್ತು ನಿಮಿಷ ಜಗಳವಾಡುತ್ತಿದ್ದರು. ಚಿಲ್ಲರೆ ಎಣಿಸುತ್ತಿದ್ದರು. ದಾರಿಯಲ್ಲಿ ಸಿಕ್ಕ ಹಳೇ ಸಹೋದ್ಯೋಗಿಯ ಹೆಸರು ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದರು. ನಡಿಗೆ, ಲೆಕ್ಕ, ವಾದ, ನೆನಪು, ಸ್ನೇಹ ಎಲ್ಲ ಒಂದೇ ಚೀಲದಲ್ಲಿ ಬರುತ್ತಿದ್ದವು. ಆ ಚೀಲ ಕಿತ್ತುಕೊಂಡು ಅವರ ಕೈಗೆ ಮೆಮೊರಿ ಗೇಮ್ ಕೊಟ್ಟೆವು. ಅಮೆರಿಕದ ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೆಜ್ಜೆ ಎಣಿಸುವ ಕೈಗಡಿಯಾರ ಕಳಿಸಿದ. ಸೋಫಾದಲ್ಲೇ ಕೂತು ಕೈ ಆಡಿಸಿದರೂ ಅದು ಒಂದಿಷ್ಟು ಎಣಿಸುತ್ತದೆ ಎಂದು ಅಪ್ಪ ಕಂಡುಹಿಡಿದಿದ್ದಾರೆ. ಬುದ್ಧಿ ಚುರುಕಾಗಿಯೇ ಇದೆ ಎನ್ನುವುದಕ್ಕೆ ಸದ್ಯಕ್ಕೆ ಅಷ್ಟು ಸಾಕ್ಷಿ ಸಾಕು.

ನಡಿಗೆಯ ಬಗ್ಗೆ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಕೂತೇ ದಿನ ಕಳೆಯುತ್ತಿದ್ದ 120 ವೃದ್ಧರಲ್ಲಿ ಅರ್ಧದಷ್ಟು ಜನ ವಾರಕ್ಕೆ ಮೂರು ದಿನ, ಸಲಕ್ಕೆ 40 ನಿಮಿಷ ಚುರುಕಾಗಿ ನಡೆದರು. ಉಳಿದವರು ಮೈ ಸೆಳೆಯುವ ವ್ಯಾಯಾಮವಷ್ಟೇ ಮಾಡಿದರು. ವರ್ಷದ ಕೊನೆಗೆ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ನಡೆದವರಲ್ಲಿ ಶೇ. 2ರಷ್ಟು ಹಿಗ್ಗಿತ್ತು, ಇತರರಲ್ಲಿ ವಯಸ್ಸಿಗೆ ತಕ್ಕಂತೆ ಕುಗ್ಗಿತ್ತು. ಆಮೇಲಿನ ಎಲ್ಲ ಪ್ರಯೋಗಗಳೂ ಇಷ್ಟು ಸೊಗಸಾದ ಫಲ ಕೊಟ್ಟಿಲ್ಲ, ಅದನ್ನೂ ಹೇಳಬೇಕು. ಆದರೆ ಮುದುಕರ ನಡಿಗೆ ನಿಧಾನವಾಗುವುದು ಎಷ್ಟೋ ಸಲ ಮರೆವಿಗೂ ಮುಂಚಿನ ಸೂಚನೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡ ಮಾತು. ಮಿದುಳಿನ ಸಮಾಚಾರವನ್ನು ಪಾದ ಮೊದಲೇ ತಿಳಿಸುತ್ತಿದ್ದರೆ ನಾವು ನೆನಪಿನ ಪರೀಕ್ಷೆಗೆಂದು “ಮೋದಿಗಿಂತ ಮುಂಚೆ ಪ್ರಧಾನಿ ಯಾರು ಹೇಳಿ ತಾತ” ಎಂದು ಕೇಳುತ್ತಿರುತ್ತೇವೆ.

ತಾತ ಉತ್ತರ ಕೊಡುವುದಿಲ್ಲ. ಏಕೆಂದರೆ ಪ್ರಶ್ನೆ ಕೇಳಿಸಿಲ್ಲ.

ಕಿವಿಯ ವಿಷಯದಲ್ಲಿ ನಮ್ಮ ಮರ್ಯಾದೆ ವಿಚಿತ್ರ. ಮೂಗಿನ ಮೇಲೆ ಕನ್ನಡಕ ಕೂತರೆ ವಿದ್ವತ್ತು, ಕಿವಿಗೆ ಮಿಷನ್ ಕೂತರೆ ಅವಮಾನ. ಹಾಗಾಗಿ ತಾತ ಎಲ್ಲದಕ್ಕೂ “ಹೂಂ” ಎನ್ನುತ್ತಾರೆ. ಮದುವೆ ಮನೆಯಲ್ಲಿ ಮೂಲೆಯ ಕುರ್ಚಿ ಹುಡುಕುತ್ತಾರೆ, ಕ್ರಮೇಣ ಮದುವೆಗೇ ಹೋಗುವುದಿಲ್ಲ. ಮಾತು ಕೇಳದ ಮೇಲೆ ಮಿದುಳಿಗೆ ಕೆಲಸವೇನು? ಕೇಳಿದ ಅರ್ಧಂಬರ್ಧ ಸದ್ದಿಗೆ ಅರ್ಥ ಹಚ್ಚುವುದರಲ್ಲೇ ಅದರ ಶಕ್ತಿ ಮುಗಿಯುತ್ತದೆ, ನೆನಪಿಟ್ಟುಕೊಳ್ಳಲು ಉಳಿಯುವುದಿಲ್ಲ. ಅಮೆರಿಕದಲ್ಲಿ ಸುಮಾರು ಸಾವಿರ ವೃದ್ಧರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲ್ಲರನ್ನೂ ಒಟ್ಟಿಗೆ ನೋಡಿದರೆ ಶ್ರವಣ ಸಾಧನದಿಂದ ಲಾಭ ಕಾಣಲಿಲ್ಲ. ಆದರೆ ಬಿಪಿ, ಸಕ್ಕರೆಯಂಥ ಅಪಾಯಗಳು ಹೆಚ್ಚಿದ್ದವರಲ್ಲಿ ಮೂರು ವರ್ಷದ ಬುದ್ಧಿಯ ಇಳಿತ ಶೇ. 48ರಷ್ಟು ತಗ್ಗಿತು. ಮೊಮ್ಮಗನ ಐಫೋನಿಗೆ ಬೆಲೆ ಯಾರೂ ಕೇಳುವುದಿಲ್ಲ. ಆ ಮಿಷನ್ನಿಗೆ ಮಾತ್ರ “ಈ ವಯಸ್ಸಿನಲ್ಲಿ ಯಾಕೆ ದಂಡ” ಎಂಬ ತೀರ್ಪನ್ನು ತಾತನ ಎದುರಿಗೇ ಕೊಡುತ್ತಾರೆ. ಕೇಳಿಸುವುದಿಲ್ಲವಲ್ಲ, ಧೈರ್ಯ.

ಹಳ್ಳಿಯವರಿಗೆ ಇದೆಲ್ಲ ಇಲ್ಲ, ಮುದ್ದೆ ತಿಂದು ಗಟ್ಟಿಯಾಗಿರುತ್ತಾರೆ ಎಂದು ಜಯನಗರದ ಪಾರ್ಕ್ ಬೆಂಚಿನ ಮೇಲೆ ಆಗಾಗ ಠರಾವು ಪಾಸಾಗುತ್ತದೆ. ದೇಶದಾದ್ಯಂತ ನಡೆದ ಸಮೀಕ್ಷೆಯನ್ನು ಆಧರಿಸಿ 2023ರಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಶಾಲೆಗೆ ಕಳಿಸದೆ ಮನೆಯಲ್ಲಿ ಉಳಿಸಿಕೊಂಡ ಹೆಣ್ಣುಮಗಳ ಲೆಕ್ಕವನ್ನು ಮಿದುಳು ಅವಳ ಎಪ್ಪತ್ತನೇ ವಯಸ್ಸಿನಲ್ಲೂ ಇಟ್ಟಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಹಳ್ಳಿಯವರ ಮಿದುಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಮಾವಿಗೆ ಹೆಸರಾದ ಕೋಲಾರದ ಶ್ರೀನಿವಾಸಪುರಕ್ಕೆ ಹೋದರು. ಆ ತಾಲ್ಲೂಕಿನ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಯೋಜನೆ ಅದು. ನೆನಪಿನ ಪರೀಕ್ಷೆಯ ಜೊತೆಗೆ ರಕ್ತ, ಬಿಪಿ, ಸಕ್ಕರೆ, ಕಿವಿ, ಮಿದುಳಿನ ಎಂಆರ್‌ಐ ಎಲ್ಲವನ್ನೂ ನೋಡುತ್ತಾರೆ. ವಿಜ್ಞಾನಿಗಳಿಗೆ ವಿಭಾಗಪತ್ರದ ವಿಷಯ ಯಾರೂ ಹೇಳಿಲ್ಲವೆಂದು ಕಾಣುತ್ತದೆ.

ಸರ್ಕಾರದ ಸಲಹೆಯನ್ನು ಮರೆಯುವಂತಿಲ್ಲ: ನಡೆಯಿರಿ. ಎಲ್ಲಿ ಎನ್ನುವುದನ್ನು ಮಾತ್ರ ಅದು ಮರೆತಿದೆ. ಬೆಂಗಳೂರಿನ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಪಾನಿಪೂರಿ ಗಾಡಿ ಇದೆ, ಬಾಯಿ ತೆರೆದ ಚರಂಡಿ ಇದೆ, ಸಿಗ್ನಲ್ ತಪ್ಪಿಸಿ ಬರುವ ಸ್ಕೂಟರ್ ಇದೆ. ಮಿದುಳು ಉಳಿಸಿಕೊಳ್ಳಲು ಹೊರಟ ಎಪ್ಪತ್ತರ ಅಜ್ಜಿ ಸೊಂಟ ಮುರಿದುಕೊಂಡು ಮೂರು ತಿಂಗಳು ಮಲಗಿದರೆ ಉಳಿದಿದ್ದ ಚುರುಕೂ ಹೋಗುತ್ತದೆ. ಪಟ್ಟಿಯಲ್ಲಿನ ಕೆಟ್ಟ ಗಾಳಿಯನ್ನು ನಗರವು ದಾರಿಯುದ್ದಕ್ಕೂ ಉಚಿತವಾಗಿ ಒದಗಿಸುತ್ತದೆ.

ಇನ್ನೊಂದು ಜಾತಿಯವರಿದ್ದಾರೆ, ಅವರನ್ನು ಬಿಟ್ಟರೆ ಅನ್ಯಾಯವಾದೀತು. ನೆಂಟರೊಬ್ಬರಿಗೆ ಡಿಮೆನ್ಷಿಯಾ ಎಂದು ಗೊತ್ತಾದ ದಿನವೇ ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದು, “ದಿನಾ ವಾಕಿಂಗ್ ಮಾಡಿದ್ದರೆ ಹೀಗಾಗ್ತಿರಲಿಲ್ಲ” ಎಂದು ರೋಗಿಯ ಹೆಂಡತಿಗೆ ಉಪದೇಶ ಮಾಡಿ ಹೋಗುವವರು. ಸ್ವಾಮೀ, ಶೇ. 45 ಹೋಗಲಿ, ಉಳಿದ 55 ಎಲ್ಲಿಗೆ ಹೋಯಿತು? ವಯಸ್ಸು, ವಂಶವಾಹಿ, ಇನ್ನೂ ವಿಜ್ಞಾನದ ಕೈಗೆ ಸಿಗದ ಕಾರಣಗಳು ಅದರಲ್ಲಿವೆ. ದಿನಾ ಐದು ಮೈಲಿ ನಡೆದವರಿಗೂ ಆಲ್ಝೈಮರ್ ಬಂದಿದೆ. ಕಾಯಿಲೆ ಬಂದವರ ಹಣೆಗೆ ತಪ್ಪು ಅಂಟಿಸಲು ಈ ಲೆಕ್ಕ ಹುಟ್ಟಿದ್ದಲ್ಲ. ನಿಮ್ಮ ಸ್ವಂತ ಬಿಪಿ ಎಷ್ಟಿದೆ, ಮೊದಲು ಹೇಳಿ.

ಮರೆವೆಲ್ಲ ಡಿಮೆನ್ಷಿಯಾವೂ ಅಲ್ಲ. ಬಿ12 ಕೊರತೆ, ಥೈರಾಯ್ಡ್ ಏರುಪೇರು, ಖಿನ್ನತೆ ಇವೂ ಅದೇ ವೇಷ ಹಾಕಿ ಬರುತ್ತವೆ, ಸಮಯಕ್ಕೆ ಹಿಡಿದರೆ ವಾಸಿಯಾಗುತ್ತವೆ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ, ಸಕ್ಕರೆಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಗಾದೆ ಹೇಳುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಕಿವಿ ತೋರಿಸಿ, ಕಣ್ಣಿನ ಪೊರೆ ತೆಗೆಸಿ. ನಾಳೆ ಬೆಳಗ್ಗೆ ಅಪ್ಪನ ಕೈಗೆ ಚೀಲ ಕೊಟ್ಟು ತರಕಾರಿಗೆ ಕಳಿಸಿ. ರಸ್ತೆ ಕೆಟ್ಟಿದ್ದರೆ ನೀವೂ ಜೊತೆಗೆ ಹೋಗಿ, ಬೀನ್ಸಿನ ಚೌಕಾಸಿ ಮಾತ್ರ ಅವರಿಗೇ ಬಿಡಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಲು ದುಡ್ಡು ಕೇಳುವುದಿಲ್ಲ, ಮಾತ್ರೆಗೂ ಕೇಳುವುದಿಲ್ಲ.