ಚೀಸಿಲ್ಲದ ಕೆಸಡಿಯಾದ ಪರ ಒಂದು ವಕಾಲತ್ತು

ಮೆಕ್ಸಿಕೋದಲ್ಲಿ ಜಗಳವಾಡಲು ವಿಷಯಗಳಿಗೇನೂ ಬರವಿಲ್ಲ. ಆದರೂ ಅಲ್ಲಿಯ ಜನ ಮತ್ತೆ ಮತ್ತೆ ಎತ್ತಿಕೊಳ್ಳುವ ವ್ಯಾಜ್ಯ ಒಂದಿದೆ: ರೊಟ್ಟಿ ಮಡಿಸಿ ಮಾಡುವ ಕೆಸಡಿಯಾದೊಳಗೆ ಚೀಸ್ ಇರಲೇಬೇಕೇ? ‘ಇರಲೇಬೇಕು’ ಎಂದು ಹೆಚ್ಚುಕಡಿಮೆ ಇಡೀ ದೇಶ. ‘ಕೇಳಿದರೆ ಹಾಕಿಕೊಡೋಣ’ ಎಂದು ರಾಜಧಾನಿ ಮೆಕ್ಸಿಕೋ ಸಿಟಿ. ಪರರ ಮನೆಯ ವ್ಯಾಜ್ಯಕ್ಕೆ ತೀರ್ಪು ಕೊಡುವುದು ನಮ್ಮ ಜಗಲಿಕಟ್ಟೆಗಳ ಹಳೆಯ ಹಕ್ಕು. ಆ ಹಕ್ಕಿನ ಮೇಲೆ, ಯಾರೂ ಕರೆಯದಿದ್ದರೂ, ನಾನು ರಾಜಧಾನಿಯ ಪರ ನಿಂತಿದ್ದೇನೆ.

ಮೊಕದ್ದಮೆ ಹುಟ್ಟುವುದು ರಸ್ತೆ ಬದಿಯ ಒಲೆಯ ಮುಂದೆ. ಉತ್ತರದ ಮೊಂಟೆರ‍್ರೆ ಕಡೆಯ ಒಬ್ಬ ಗಿರಾಕಿಯನ್ನು ಅಲ್ಲಿ ನಿಲ್ಲಿಸಿ ನೋಡಿ. ಕುಂಬಳ ಹೂವಿನ ಕೆಸಡಿಯಾ ಕೇಳುತ್ತಾನೆ. ಮಾರುವಾಕೆ ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಒತ್ತಿ, ಕೋಮಾಲ್ ಎಂಬ ಹೆಂಚಿನ ಮೇಲೆ ಹಾಕಿ, ತಲೆ ಎತ್ತದೆ ಕೇಳುತ್ತಾಳೆ: “ಚೀಸ್ ಹಾಕಿ ಕೊಡ್ಲಾ, ಹಾಕದೆ ಕೊಡ್ಲಾ?” ತಮಾಷೆಯಿರಬೇಕು ಎಂದು ಆತ ನಗುತ್ತಾನೆ. ಆಕೆ ನಗುವುದಿಲ್ಲ. ಪಕ್ಕದವರ ಮುಖ ನೋಡುತ್ತಾನೆ. ಅವರು ಆಲೂಗಡ್ಡೆಯ ಕೆಸಡಿಯಾ, ಮೆಕ್ಕೆಜೋಳದ ತೆನೆಗೆ ಹತ್ತುವ ಕಪ್ಪು ಬೂಷ್ಟು ಹುಯಿಟ್ಲಾಕೋಚೆಯ ಕೆಸಡಿಯಾ ಹಿಡಿದು ಶಾಂತವಾಗಿ ಅಗಿಯುತ್ತಿದ್ದಾರೆ, ಯಾರದರಲ್ಲೂ ಚೀಸಿನ ಎಳೆಯಿಲ್ಲ. ಕೆಸಡಿಯಾ ಎಂದಮೇಲೆ ಚೀಸ್ ಇರಲೇಬೇಕಲ್ಲವೇ ಎನ್ನುತ್ತಾನೆ. ಹೆಂಚಿನ ಮೇಲೆ ಹಿಟ್ಟು ಬೇಯುತ್ತಿದೆ, ಹಿಂದೆ ಸಾಲು ಬೆಳೆಯುತ್ತಿದೆ. ಆಕೆ ಅದೇ ದನಿಯಲ್ಲಿ ಎರಡನೆಯ ಸಲ ಕೇಳುತ್ತಾಳೆ: “ಹಾಕಿ ಕೊಡ್ಲಾ, ಹಾಕದೆ ಕೊಡ್ಲಾ?” ಲೋಕದ ನೆಲೆಗಟ್ಟೇ ಅಲುಗಾಡಿದವನಂತೆ ಆತ ‘ಹಾಕಿ’ ಎನ್ನುತ್ತಾನೆ. ಊರಿಗೆ ಹೋಗಿ ಬದುಕಿಡೀ ಈ ಕತೆ ಹೇಳುತ್ತಾನೆ.

ಆತನ ವಾದದ ಬಲವೆಲ್ಲ ಹೆಸರಿನಲ್ಲಿದೆ. ‘ಕೆಸೋ’ ಎಂದರೆ ಸ್ಪ್ಯಾನಿಷ್‌ನಲ್ಲಿ ಚೀಸ್. ಸರಿ, ಹೆಸರೇ ಕಾನೂನಾಗಲಿ. ಹಾಗಾದರೆ ಎಲ್ ಸಾಲ್ವಡಾರ್‌ಗೆ ಹೋಗಿ ಕೆಸಡಿಯಾ ಕೇಳಿ: ಹಿಟ್ಟಿನೊಳಗೇ ಚೀಸ್ ಕಲಸಿ, ಮೇಲೆ ಎಳ್ಳುದುರಿಸಿ ಬೇಯಿಸಿದ ಸಿಹಿ ಕೇಕು ಬರುತ್ತದೆ, ಕಾಫಿಯ ಜೊತೆಗೆ. ಚೀಸ್ ಒಂದೇ ಅಳತೆಗೋಲಾದರೆ ಆ ಕೇಕಿನ ಮುಂದೆ ಮೊಂಟೆರ‍್ರೆಯವರು ಮಣಿಯಬೇಕು. ಮಣಿಯುವುದಿಲ್ಲ. ಏಕೆಂದರೆ ಅವರಿಗೂ ಒಳಗೊಳಗೇ ಗೊತ್ತು, ಕೆಸಡಿಯಾ ಎಂದರೆ ಮೊದಲು ಮಡಿಸಿದ ಬಿಸಿ ರೊಟ್ಟಿ. ಇತಿಹಾಸವೂ ಅದನ್ನೇ ಹೇಳುತ್ತದೆ. 16ನೆಯ ಶತಮಾನದ ಪಾದ್ರಿ ಬರ್ನಾರ್ಡಿನೋ ದೆ ಸಹಾಗುನ್ ಆಸ್ಟೆಕ್ ದೊರೆಗಳ ಊಟ ಬಣ್ಣಿಸುವಾಗ ಬಿಸಿಯಾದ, ಬಿಳಿಯ, ಮಡಿಸಿದ ಟೋರ್ಟಿಯಾ ರೊಟ್ಟಿಗಳನ್ನು ದಾಖಲಿಸಿದ್ದಾನೆ. ಹಸುವೂ ಚೀಸೂ ಆ ನೆಲಕ್ಕೆ ಬಂದದ್ದು ಸ್ಪ್ಯಾನಿಷರ ಹಿಂದೆ. ಮಡಿಕೆ ಮನೆಯ ಹಿರಿಯ, ಚೀಸ್ ಹೊರಗಿನಿಂದ ಬಂದ ಅಳಿಯ.

ಉತ್ತರದಲ್ಲಿ ಗೋಧಿ ಟೋರ್ಟಿಯಾವೇ ಸಂಪ್ರದಾಯವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸೊನೋರಾದ ಗೋಧಿಗೆ ಶತಮಾನಗಳ ಇತಿಹಾಸವಿದೆ. 1922ರಲ್ಲಿ ಕೆನಡಾದಿಂದ ಚಿವಾವಾಗೆ ಬಂದು ನೆಲೆಸಿದ ಮೆನೊನೈಟ್ ಎಂಬ ಕ್ರೈಸ್ತ ಪಂಥದವರ ಚೀಸ್ ಆ ಟೋರ್ಟಿಯಾದೊಳಗೆ ಸೊಗಸಾಗಿ ಕರಗುತ್ತದೆ. ಅಲ್ಲಿಯವರು ಅದನ್ನು ತಿನ್ನಲಿ, ನಮ್ಮ ಅಭ್ಯಂತರವಿಲ್ಲ. ಸಿಟ್ಟು ಬರುವುದು ಅಮೆರಿಕದ ಗಡಿ ದಾಟಿದ ಮೇಲೆ. ಪ್ಯಾಕೆಟ್ಟಿನಿಂದ ತೆಗೆದ ತಣ್ಣನೆಯ ಗೋಧಿ ಟೋರ್ಟಿಯಾ, ಕಿತ್ತಳೆ ಬಣ್ಣದ ಚೆಡ್ಡಾರ್, ಎರಡೂ ಬದಿ ಒತ್ತಲು ಕರೆಂಟಿನ ಯಂತ್ರ. ಚೀಸ್ ಪಕ್ಷದ ಪರೀಕ್ಷೆಯಲ್ಲಿ ಇದು ನೂರಕ್ಕೆ ನೂರು ಪಾಸು. ಮೆಕ್ಸಿಕೋದ ಅಡುಗೆಯೆಂದು ನೋಡಿದರೆ ಅದರಲ್ಲಿ ಏನೂ ಇಲ್ಲ. ಖಾಲಿ ದೋಸೆಯನ್ನು ಖಾಲಿ ಎಂದು ಗೊತ್ತಿದ್ದೇ ತಿನ್ನುವವರು ನಾವು. ಇದು ತುಂಬಿದಂತೆ ಕಾಣುವ ಖಾಲಿ.

ಏನಿಲ್ಲ ಎಂದು ಕೇಳಿದರೆ, ಸುಣ್ಣವಿಲ್ಲ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುವ ನಿಕ್ಸ್ಟಮಾಲ್ ವಿದ್ಯೆಯಿಂದಲೇ ಅದರೊಳಗಿನ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದು. ಯುರೋಪಿನವರು ಮೆಕ್ಕೆಜೋಳವನ್ನು ಒಯ್ದರು, ವಿದ್ಯೆಯನ್ನು ಬಿಟ್ಟು ಹೋದರು. ಉತ್ತರ ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಮೆಕ್ಕೆಜೋಳವನ್ನೇ ನಂಬಿದ ಬಡವರು ನಯಾಸಿನ್ ಕೊರತೆಯ ಪೆಲಾಗ್ರಾ ರೋಗ ಬಂದು ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಅಡುಗೆಮನೆಯ ಹೆಂಗಸರ ವಿದ್ಯೆಯನ್ನು ವಿದ್ಯೆಯೆಂದು ಎಣಿಸದ್ದಕ್ಕೆ ತೆತ್ತ ಬೆಲೆ ಅದು. ಇಷ್ಟನ್ನು ಹೊತ್ತ ರೊಟ್ಟಿಯ ಮುಂದೆ ನಿಂತು ಚೀಸ್ ಎಲ್ಲಿ ಎಂದು ಹುಡುಕುವವರಿಗೆ ಏನು ಹೇಳುವುದು?

ಆದ್ದರಿಂದ ತೀರ್ಪು ರಾಜಧಾನಿಯ ಪರ. ಸೋತವರು ಬಯಸಿದರೆ ಚೀಸ್ ಹಾಕಿಸಿಕೊಳ್ಳಬಹುದು. ಕೋರ್ಟು ಖರ್ಚು ಮಾತ್ರ ಅವರದೇ: ಆ ಒಲೆಗಳ ಮುಂದೆ ಚೀಸಿಗೆ ಸಾಮಾನ್ಯವಾಗಿ ಬೇರೆ ದುಡ್ಡು.